ಸ್ಟೇಕ್‌ಹೌಸ್ ಊಟಕ್ಕೆ ಬಾಡೂಟ ಅನ್ನಬಹುದೇ? ‘ಮೀಡಿಯಂ ರೇರ್’ಗೆ ಏನನ್ನೋಣ?

ಗೆಳೆಯರೆ,

ಎರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಅಮೆರಿಕದ ದುಬಾರಿ ಸ್ಟೇಕ್‌ಹೌಸಿನಲ್ಲಿ, ಅಂದರೆ ದಪ್ಪಗೆ ಕೊಯ್ದು ಸುಟ್ಟ ಮಾಂಸದ ತುಂಡು (ಸ್ಟೇಕ್) ಬಡಿಸುವ ಹೋಟೆಲಿನಲ್ಲಿ, ಹತ್ತಾರು ಜನ ಸೇರಿ ಸಂಭ್ರಮಕ್ಕೆ ಮಾಡುವ ಊಟವನ್ನು ಬಾಡೂಟ ಅನ್ನಬಹುದೇ? ಮತ್ತೆ ಅಲ್ಲಿ ಮಾಂಸ ಎಷ್ಟು ಬೇಯಬೇಕು ಅಂತ ಒಬ್ಬೊಬ್ಬರನ್ನೂ ಕೇಳುತ್ತಾರಲ್ಲ, ರೇರ್ (ಒಳಗೆ ಹಸಿಹಸಿ), ಮೀಡಿಯಂ ರೇರ್, ಮೀಡಿಯಂ, ವೆಲ್ ಡನ್ (ಪೂರ್ತಿ ಬೆಂದದ್ದು) ಅಂತ, ಆ ಸಾಲಿಗೆ ಕನ್ನಡದಲ್ಲಿ ಏನಾದರೂ ಇದೆಯೇ?

ಹಿನ್ನೆಲೆ ಇಷ್ಟೇ. ಶಿಕಾಗೊದಲ್ಲಿ ನಮ್ಮ ಗುಂಪಿನ ಗೆಳತಿಯೊಬ್ಬರ ಪಿಎಚ್‌ಡಿ ಮುಗಿಯಿತು ಅಂತ ಎಲ್ಲರೂ ಊಟಕ್ಕೆ ಹೋಗಿದ್ದೆವು. ಅದರ ಬಗ್ಗೆ ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ ಬರೆಯುತ್ತಿದ್ದೇನೆ. ‘ಶಿಕಾಗೊದಲ್ಲಿ ಬಾಡೂಟ’ ಅಂತ ತಲೆಬರಹ ಹಾಕಿದ್ದೆ. ಮಂಡ್ಯದ ಗೆಳೆಯ ಓದಿ ‘ಮುದ್ದೆ ಇಲ್ಲ, ಸಾರಿಲ್ಲ, ಅದ್ಯಾವ ಸೀಮೆ ಬಾಡೂಟ ಗುರೂ’ ಅಂದ. ವಿಜಯಪುರದ ಅಕ್ಕನವರದು ಬೇರೆ ತಕರಾರು, ‘ನಮ್ಮ ಕಡೆ ಖಂಡ ಅಂತೀವಿ, ಬಾಡು ನಿಮ್ಮ ಕಡೀದು’. ಬಾಡೂಟ ಈಗ ಎಲ್ಲರಿಗೂ ಗೊತ್ತಿರುವ ಪದ ಅಂದುಕೊಂಡಿದ್ದೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಎದ್ದ ಕೂಗಿನಿಂದ ಅದು ರಾಜ್ಯದ ಪತ್ರಿಕೆಗಳ ತಲೆಬರಹಕ್ಕೂ ಬಂದಿತ್ತು, ಅಲ್ವಾ. ಆದರೆ ಓದಿ ಗೊತ್ತಿರುವುದು ಬೇರೆ, ಬಾಯಲ್ಲಿ ಬರುವುದು ಬೇರೆ.

ಬಾಡೂಟ ಅಂದರೆ ಬರೀ ಮಾಂಸದ ಊಟ ಅಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಸಾಲಾಗಿ ಕೂರಬೇಕು, ಎಲೆ ಬೀಳಬೇಕು, ಮುದ್ದೆ, ಬೋಟಿ ಗೊಜ್ಜು, ಖೈಮಾ ಉಂಡೆ ಬರಬೇಕು, ಬಡಿಸುವವರು ಬೇಡ ಬೇಡ ಅಂದರೂ ‘ಇನ್ನೊಂದು ಪೀಸ್ ಹಾಕಿಸ್ಕೊಳ್ಳಿ’ ಅನ್ನಬೇಕು. ಸ್ಟೇಕ್‌ಹೌಸಿನಲ್ಲಿ ಇದ್ಯಾವುದೂ ಇಲ್ಲ. ಮಬ್ಬು ಬೆಳಕು, ಚರ್ಮದ ಕುರ್ಚಿ, ಗಾಜಿನ ಬೀರುವಿನಲ್ಲಿ ವಾರಗಟ್ಟಲೆ ತಣ್ಣಗೆ ಕೂತ ಮಾಂಸದ ದೊಡ್ಡ ದೊಡ್ಡ ತುಂಡುಗಳು. ಜೊತೆಗೆ ವೈನು ಬೇರೆ ಇತ್ತು, ಹಾಗಾಗಿ ‘ಗುಂಡು ತುಂಡು’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ಆದರೆ ಪಿಎಚ್‌ಡಿ ಊಟಕ್ಕೆ ಅದು ಚುನಾವಣೆ ಹೊತ್ತಿನ ವಾಸನೆ ಹೊಡೆಯುತ್ತದೆ. ಔತಣ ಅನ್ನೋಣವೇ ಅಂದರೆ, ಔತಣದಲ್ಲಿ ಕರೆದವರು ದುಡ್ಡು ಕೊಡಬೇಕು. ಇಲ್ಲಿ ಬಿಲ್ಲನ್ನು ತಲೆಗಿಷ್ಟು ಅಂತ ಹಂಚಿಕೊಂಡೆವು, ಗೆಳತಿಯೊಬ್ಬರನ್ನು ಬಿಟ್ಟು.

ಹಾಗೆ ನೋಡಿದರೆ ನನಗೆ ಎಲ್ಲಕ್ಕಿಂತ ಹತ್ತಿರ ಅನಿಸಿದ್ದು ‘ಗುಡ್ಡೆ ಬಾಡು’. ಯುಗಾದಿ ಮಾರನೆಯ ದಿನ, ಹೊಸತೊಡಕಿಗೆ, ಹಳೆ ಮೈಸೂರು ಕಡೆ ಊರವರು ದುಡ್ಡು ಹಾಕಿ ಮರಿ ತಂದು ಕಡಿದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರಲ್ಲ, ಅದು. ನಮ್ಮ ಮೇಜಿಗೆ ಟೊಮಾಹಾಕ್ ಅಂತ ಒಂದು ಬಂತು. ರಿಬ್‌ಐ ಭಾಗವನ್ನೇ ಪಕ್ಕೆಲುಬಿನ ಉದ್ದನೆಯ ಮೂಳೆ ಸಮೇತ ಕತ್ತರಿಸಿದ್ದು, ಒಂದು ಕಿಲೋ ಹತ್ತಿರ ತೂಗುತ್ತದೆ. ಅದನ್ನು ಒಬ್ಬರೇ ತಿನ್ನುವುದಿಲ್ಲ, ಹಲಗೆಯ ಮೇಲೆ ಕೊಯ್ದು ಎಲ್ಲರೂ ಪಾಲು ಹಾಕಿಕೊಳ್ಳುತ್ತಾರೆ. ಇದು ಗುಡ್ಡೆ ಅಲ್ಲದೆ ಇನ್ನೇನು? ಮಂಡ್ಯದ ಗೆಳೆಯ ಇದನ್ನೂ ಒಪ್ಪಲಿಲ್ಲ ಅನ್ನಿ. ಗುಡ್ಡೆ ಬಾಡು ಮನೆಗೆ ಹೋಗಿ ಬೇಯುವುದು, ಬೆಂದ ಮೇಲೆ ಹಂಚುವುದಲ್ಲ ಅನ್ನುವುದು ಅವನ ವಾದ.

ಊಟಕ್ಕೆ ಮಾಂಸದ ಹೆಸರೇ ಬರುವುದು ನಮ್ಮಲ್ಲಿ ಮಾತ್ರ ಅಲ್ಲ. ನ್ಯೂಯಾರ್ಕಿನಲ್ಲಿ 19ನೇ ಶತಮಾನದಲ್ಲಿ ‘ಬೀಫ್‌ಸ್ಟೇಕ್’ ಅಂದರೆ ತಿನಿಸೂ ಹೌದು, ಊಟದ ಕೂಟವೂ ಹೌದು. ರಾಜಕೀಯದವರು, ಸಂಘದವರು ಸೇರಿ ಏಪ್ರನ್ ಕಟ್ಟಿಕೊಂಡು, ಚಾಕು ಫೋರ್ಕು ಇಲ್ಲದೆ ಕೈಯಲ್ಲೇ ತಿನ್ನುತ್ತಿದ್ದರು. ನ್ಯೂಜೆರ್ಸಿಯ ಉತ್ತರ ಭಾಗದಲ್ಲಿ ಇವತ್ತಿಗೂ ಇಂಥ ಕೂಟ ನಡೆಯುತ್ತದೆ. ಅದನ್ನು ಬಾಡೂಟ ಅಂದರೆ ಮಂಡ್ಯದವರೂ ಬೇಡ ಅನ್ನಲಾರರು.

ಈಗ ಬೇಯುವ ವಿಷಯಕ್ಕೆ ಬರುತ್ತೇನೆ, ನನಗೆ ಜಾಸ್ತಿ ತಲೆಬಿಸಿ ಆಗಿರುವುದು ಇದೇ. ಮೀಡಿಯಂ ರೇರ್ ಅಂದರೆ ಮಾಂಸದ ನಡುಭಾಗ ಸುಮಾರು 55 ಡಿಗ್ರಿ ಸೆಲ್ಸಿಯಸ್ ಇರಬೇಕು, ವೆಲ್ ಡನ್ ಅಂದರೆ 70 ದಾಟಿರಬೇಕು. ‘ಅರೆಬೆಂದ’ ಅಂತ ಬರೆದರೆ ಓದುವವರಿಗೆ ಅಡುಗೆ ಕೆಟ್ಟಿದೆ ಅನಿಸುತ್ತದೆ. ನಮ್ಮ ಬಾಡೂಟದಲ್ಲಿ ನಿಮಗೆ ಎಷ್ಟು ಬೇಯಬೇಕು ಅಂತ ಯಾರೂ ಕೇಳುವುದಿಲ್ಲ. ಅದು ಭಟ್ಟರ ತೀರ್ಮಾನ, ಎಲ್ಲರಿಗೂ ಒಂದೇ ಕೊಪ್ಪರಿಗೆ. ತಿನ್ನುವವರು ಹೇಳುವ ರೂಢಿಯೇ ಇಲ್ಲದ ಮೇಲೆ ಹೇಳುವುದಕ್ಕೆ ಪದ ಎಲ್ಲಿಂದ ಬರಬೇಕು? ನಾವು ಹೀಗೆ ಹೇಳಿ ಮಾಡಿಸಿಕೊಳ್ಳುವುದು ದೋಸೆ ಮತ್ತು ಮೊಟ್ಟೆ. ದೋಸೆಗೆ ಗರಿಗರಿ, ಮೆತ್ತಗೆ, ಕೆಂಪಗೆ ಅಂತ ಒಳ್ಳೆ ಪದಗಳಿವೆ. ಮೊಟ್ಟೆಗೆ ಮಾತ್ರ ಹಾಫ್ ಬಾಯಿಲ್ ಅಂತಲೇ ಅನ್ನುತ್ತೇವೆ. ‘ಅಣ್ಣಾ, ಒಂದು ಅರೆಬೆಂದ ಮೊಟ್ಟೆ ಕೊಡು’ ಅಂದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ.

ಪೂರ್ತಿ ಆಗದೆ ಇರುವುದೇ ಸರಿ ಅನ್ನುವ ಜಾಗ ನಮ್ಮ ಅಡುಗೆಮನೆಯಲ್ಲಿ ಒಂದಿದೆ, ಅದು ಪಾಕ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ. ಒಂದೆಳೆ ಪಾಕವನ್ನು ಯಾರೂ ಅರೆಪಾಕ ಅಂತ ಹೀಗಳೆಯುವುದಿಲ್ಲ. ಆ ದಾರಿಯಲ್ಲೇ ಹೋಗಿ ರೇರ್‌ಗೆ ‘ಹಸಿ ಹದ’, ಮೀಡಿಯಂ ರೇರ್‌ಗೆ ‘ಎಳೆ ಹದ’, ಮೀಡಿಯಂಗೆ ‘ನಡು ಹದ’, ವೆಲ್ ಡನ್‌ಗೆ ‘ತುಂಬು ಹದ’ ಅಂತ ಬರೆದಿದ್ದೇನೆ. ಎಳೆ ಅನ್ನುವುದರಲ್ಲೇ ನನಗೆ ಅನುಮಾನ. ಎಳೆ ಮಾಂಸ ಅಂದರೆ ಎಳೆ ಮರಿಯ ಮಾಂಸ ಅನ್ನುವ ಅರ್ಥ ಆಗಲೇ ಇದೆ. ‘ಸುಟ್ಟ’ ಅನ್ನುವುದರ ಬಗ್ಗೆ ಮಾತ್ರ ಚಿಂತೆ ಇಲ್ಲ. ಸುಟ್ಟ ಬದನೆಕಾಯಿ, ಸುಟ್ಟ ಜೋಳ ಎಲ್ಲ ರುಚಿಯ ಮಾತೇ, ಕೆಟ್ಟರೆ ಸೀದಿದೆ ಅನ್ನುತ್ತೇವೆ.

ಗಾಜಿನ ಬೀರುವಿನಲ್ಲಿದ್ದ ಆ ಡ್ರೈ ಏಜ್ಡ್ ಮಾಂಸಕ್ಕೆ ಒಬ್ಬರು ‘ಉಪ್ಪುಕಂಡ’ ಅಂದರು. ಅದು ಖಂಡಿತ ಬೇಡ. ಉಪ್ಪುಕಂಡಕ್ಕೆ ಉಪ್ಪು ಬೇಕು, ಬಿಸಿಲು ಬೇಕು. ಇಲ್ಲಿ ಎರಡೂ ಇಲ್ಲ, ತಣ್ಣನೆ ಕೋಣೆಯಲ್ಲಿ ಮೂರು ನಾಲ್ಕು ವಾರ ಇಟ್ಟರೆ ನೀರಿನಂಶ ಇಳಿದು, ಮಾಂಸದೊಳಗಿನ ಕಿಣ್ವಗಳೇ ಅದನ್ನು ಮೆತ್ತಗೆ ಮಾಡುತ್ತವೆ. ‘ಮಾಗಿಸಿದ ಮಾಂಸ’ ಅಂತ ಬರೆದಿದ್ದೇನೆ. ಮಾಂಸದ ನಡುನಡುವೆ ಕಾಣುವ ಕೊಬ್ಬಿನ ಗೆರೆಗಳಿಗೆ ಮಾರ್ಬ್ಲಿಂಗ್ ಅನ್ನುತ್ತಾರೆ, ಅದಕ್ಕೆ ‘ನೆಣದ ಗೆರೆ’. ನೆಣ ಈಗಲೂ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಇಲ್ಲ ಎಲ್ಲರೂ ಕೊಬ್ಬು ಅಂತಲೇ ಅನ್ನುತ್ತೀರೇ?

ಇನ್ನೊಂದು, ನಮ್ಮಲ್ಲಿ ದನದ ಮಾಂಸ ತಿನ್ನದವರು ಅರ್ಧದಷ್ಟು ಜನ ಇದ್ದರು. ಅವರು ಕುರಿ ಚಾಪ್ಸು, ಸಾಲ್ಮನ್ ಮೀನು ತರಿಸಿಕೊಂಡರು, ಒಬ್ಬರು ಹೂಕೋಸಿನ ಸ್ಟೇಕ್ ತಿಂದರು. ಹಾಗಾಗಿ ಬರಹದಲ್ಲಿ ‘ಗೋಮಾಂಸ’ ಅನ್ನಲಿಲ್ಲ, ಆ ಪದ ಕೇಳಿದರೆ ಊಟಕ್ಕಿಂತ ಮೊದಲು ಜಗಳ ನೆನಪಾಗುತ್ತದೆ. ‘ದನದ ಬಾಡು’ ಅಂತಲೇ ಬರೆದೆ. ಅದಕ್ಕೆ ನಮ್ಮ ಗುಂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ.

ಕೊಡಗು, ಕರಾವಳಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ಕೆಂಡದ ಮೇಲೆ ಸುಡುವ ಮಾಂಸ ಇನ್ನೂ ಪೂರ್ತಿ ಬೆಂದಿಲ್ಲ, ಆದರೆ ತಿನ್ನಲು ಅದೇ ಸರಿ ಅನ್ನುವಾಗ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಹಾಗೆ ತಿನ್ನುವುದೇ ಇಲ್ಲ ಅಂದರೆ ಅದನ್ನೂ ಬರೆಯಿರಿ. ಕರಡು ಈ ತಿಂಗಳ ಕೊನೆಗೆ ಸಂಪಾದಕರ ಕೈಗೆ ಕೊಡಬೇಕು.