ಬ್ರಿಟನಿಯ ಸಣ್ಣ ಊರಿಗೆ ಓದಲು ಹೋಗುವ ಮಕ್ಕಳು: ಸಂಜೆ ಹೊತ್ತು ಎಲ್ಲಿ, ಯಾರ ಜೊತೆ?

ಮೈಸೂರಿನಿಂದ:
ಮಗಳಿಗೆ ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಲಾನಿಯೋಂನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಚಿಕ್ಕ ಊರು, ಸುತ್ತಲೂ ಹೊಲ. ಭಾರತೀಯರ ಸಂಘ ಯಾವುದೂ ಕಾಣಲಿಲ್ಲ. ಫ್ರೆಂಚ್ ಎ2 ಮಟ್ಟದ್ದು, ಅಂದರೆ ಸರಳ ಮಾತಿಗಷ್ಟೇ ಸಾಕಾಗೋದು; ಊಟ ಸಸ್ಯಾಹಾರ. ಕ್ಲಾಸು, ರೂಮು ಬಿಟ್ಟರೆ ಅಲ್ಲಿನವರ ಜೊತೆ ಬೆರೆಯೋಕೆ ಏನು ದಾರಿ? ಫ್ರಾನ್ಸ್‌ನ ಆ ಕಡೆ ರೆನ್, ಬ್ರೆಸ್ಟ್, ನಾಂತ್ ಊರುಗಳಲ್ಲಿರೋ ನಮ್ಮವರು ಯಾರಾದರೂ ತಿಳಿದಿದ್ದರೆ ಹೇಳಿ.

ರೆನ್‌ನಿಂದ:
ಅಕ್ಕಾ, ಅಲ್ಲಿ ಊರಿನ ಸಂಜೆಗಳೆಲ್ಲ ಸಂಘಗಳ ಕೈಯಲ್ಲಿವೆ. 1901ರ ಕಾಯ್ದೆಯ ಪ್ರಕಾರ ಕಟ್ಟಿಕೊಂಡ ಸಂಘಗಳು: ಗಾಯನ, ಕುಣಿತ, ನಡಿಗೆ, ಮಣ್ಣಿನ ಪಾತ್ರೆ ಮಾಡೋದು, ಎಲ್ಲಕ್ಕೂ ಒಂದೊಂದು. ಇವುಗಳ ವರ್ಷ ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ತಿಂಗಳ ಮೊದಲ ಅಥವಾ ಎರಡನೇ ವಾರಾಂತ್ಯದಲ್ಲಿ ಊರಿನ ಸಂಘಗಳೆಲ್ಲ ಒಂದೇ ಕಡೆ ಮೇಜು ಹಾಕಿ ಕೂರ್ತವೆ. ಅದಕ್ಕೆ 'ಫೋರಂ ದೆಸ್ ಅಸೋಸಿಯಾಸಿಯೋಂ' ಅಂತಾರೆ. ದಿನಾಂಕ ಮೇರಿಯ, ಅಂದರೆ ಪುರಸಭೆಯ, ವೆಬ್‌ಸೈಟಿನಲ್ಲಿರುತ್ತೆ. ವರ್ಷದ ಸದಸ್ಯರ ಪಟ್ಟಿ ಬಹುಪಾಲು ಅವತ್ತೇ ತುಂಬಿಹೋಗುತ್ತೆ.

ಎಡವೋದು ಮೂರು ಕಡೆ. ಮೊದಲನೆಯದು ದುಡ್ಡು: ಹಳ್ಳಿ ಸಂಘಗಳಿಗೆ ಇವತ್ತಿಗೂ ಚೆಕ್ ಅಂದರೆ ಪ್ರೀತಿ, ಹೊಸ ವಿದ್ಯಾರ್ಥಿಯ ಹತ್ತಿರ ಚೆಕ್‌ಬುಕ್ ಇರಲ್ಲ. ನಗದು ಕೊಟ್ಟು ರಸೀದಿ ಕೇಳಿದರೆ ಸಾಕು. ಎರಡನೆಯದು, ಕೆಲವು ಕ್ರೀಡಾ ಸಂಘಗಳು ವೈದ್ಯರ ಪ್ರಮಾಣಪತ್ರ ಕೇಳ್ತವೆ. ಹಳ್ಳಿಗಾಡಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು, ಹಾಗಾಗಿ ಬೇಕೋ ಬೇಡವೋ ಅಂತ ಮೊದಲೇ ವಿಚಾರಿಸಲಿ. ಮೂರನೆಯದು 'ರೆಸ್ಪೋನ್ಸಾಬಿಲಿತೆ ಸಿವಿಲ್' ವಿಮೆ, ಅಂದರೆ ನಮ್ಮಿಂದ ಬೇರೆಯವರಿಗೆ ಆದ ಹಾನಿ ಭರಿಸೋದು. ಇದು ಸಾಮಾನ್ಯವಾಗಿ ರೂಮಿನ ವಿಮೆಯೊಳಗೇ ಇರುತ್ತೆ, ಅದರ ಪತ್ರ ಇಳಿಸಿಟ್ಟುಕೊಂಡರಾಯಿತು. ದುಡ್ಡು ಕಟ್ಟೋ ಮೊದಲು 'ಸೆಯಾಂಸ್ ದೆಸ್ಸೆ', ಅಂದರೆ ಒಮ್ಮೆ ಹೋಗಿ ನೋಡೋಕೆ ಪುಕ್ಕಟೆ ತರಗತಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಅಲ್ಲಿ ಅದು ಮಾಮೂಲು.

ಬ್ರೆಸ್ಟ್‌ನಿಂದ:
ಎ2 ಫ್ರೆಂಚ್‌ಗೆ ಮಾತಿನ ಸಂಘಕ್ಕಿಂತ ಕುಣಿತ ವಾಸಿ. ಬ್ರಿಟನಿಯಲ್ಲಿ 'ಫೆಸ್ಟ್-ನೋಝ್' ಅಂತ ರಾತ್ರಿ ಕುಣಿತದ ಹಬ್ಬ ನಡೆಯುತ್ತೆ, 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಅದು ಪ್ರವಾಸಿಗರಿಗೆ ತೋರಿಸೋ ಪ್ರದರ್ಶನ ಅಂದುಕೊಳ್ಳಬೇಡಿ. ಊರಿನ ಸಭಾಂಗಣದಲ್ಲಿ ಅಜ್ಜಿ, ಮೊಮ್ಮಗ, ಪಕ್ಕದ ಮನೆ ಮೇಷ್ಟ್ರು ಎಲ್ಲ ಒಂದೇ ಸಾಲಲ್ಲಿ ಕುಣೀತಾರೆ. ಸಾಮಾನ್ಯವಾಗಿ ರಾತ್ರಿ 9ರ ಹೊತ್ತಿಗೆ ಶುರು. ಎಲ್ಲಿ, ಯಾವಾಗ ಅನ್ನೋದು 'ತಮ್ ಕ್ರೈಸ್' ವೆಬ್‌ಸೈಟಿನಲ್ಲಿ ಸಿಗುತ್ತೆ.

ಮೊದಲು ಕಲಿಯಬೇಕಾದ್ದು 'ಆನ್ ದ್ರೋ' ಅನ್ನೋ ಕುಣಿತ. ಅಕ್ಕಪಕ್ಕದವರ ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಬೇಕು, ಎಡಕ್ಕೆ ಮೂರು ಹೆಜ್ಜೆ, ನಿಂತಲ್ಲೇ ಮೂರು ಹೆಜ್ಜೆ, ತೋಳುಗಳು ತಾಳಕ್ಕೆ ಸುತ್ತು ಹಾಕ್ತವೆ. ಕಾಲು ಹಿಡಿತಕ್ಕೆ ಬರೋ ತನಕ ತೋಳನ್ನು ಪಕ್ಕದವರಿಗೇ ಬಿಟ್ಟುಬಿಡಲಿ, ಅವರೇ ಎಳೆದಾಡಿಸ್ತಾರೆ. ಬೆರಳು ಬಿಗಿಯಾಗಿ ಹಿಡಿದರೆ ಪಕ್ಕದವರಿಗೆ ನೋವು, ಸಾಲೂ ಕುಂಟುತ್ತೆ. ಎಡತುದಿಯಲ್ಲಿರೋರು ಸಾಲನ್ನು ನಡೆಸ್ತಾರೆ, ಅವರ ಮುಂದೆ ಹೋಗಿ ನಿಂತರೆ ನಿಮ್ಮ ಮಗಳೇ ಮುಂದಾಳಾಗಿ ಬಿಡ್ತಾಳೆ! ಬಲತುದಿಗೆ ಸೇರೋದು ಕ್ಷೇಮ. 'ಕಾನ್ ಹಾ ದಿಸ್ಕಾನ್' ಅನ್ನೋ ಹಾಡುಗಾರಿಕೆ ಇದ್ದರೆ ಇಬ್ಬರು ಗಾಯಕರಷ್ಟೇ ಸಾಕು, ವಾದ್ಯ ಬೇಡ: ಒಬ್ಬರು ಸಾಲು ಹೇಳ್ತಾರೆ, ಕೊನೆಯ ಅಕ್ಷರಗಳ ಮೇಲೆ ಇನ್ನೊಬ್ಬರು ಹತ್ತಿಕೊಂಡು ಅದೇ ಸಾಲು ತಿರುಗಿ ಹಾಡ್ತಾರೆ. ಸೋಬಾನೆ ಕೇಳಿ ಬೆಳೆದ ಕಿವಿಗೆ ಇದು ಬೇಗ ಹತ್ತುತ್ತೆ. ವಾರವಾರ ಕಲಿಯೋದಾದರೆ 'ಸೆರ್ಕ್ಲ್ ಸೆಲ್ತಿಕ್' ಅನ್ನೋ ಕುಣಿತದ ತಂಡಗಳಿವೆ.

ನಾಂತ್‌ನಿಂದ:
ಊಟದ ವಿಷಯ ಯಾರೂ ಹೇಳಲಿಲ್ಲ. ಫೆಸ್ಟ್-ನೋಝ್‌ನಲ್ಲಿ ಸಿಗೋ ತಿಂಡಿ 'ಗಾಲೆತ್', ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟಿನ ದೋಸೆ. 'ಕೋಂಪ್ಲೆತ್' ಅಂದರೆ ಹ್ಯಾಮ್, ಮೊಟ್ಟೆ, ಚೀಸ್ ಮೂರೂ ಇರುತ್ತೆ. 'ಸಾಂ ಜಾಂಬೋಂ' ಅಂದರೆ ಹ್ಯಾಮ್ ಬಿಡ್ತಾರೆ, ಆದರೆ ಅಷ್ಟಕ್ಕೆ ಸಸ್ಯಾಹಾರ ಆಗಲ್ಲ: ಕಾವಲಿಗೆ ಹಂದಿ ಕೊಬ್ಬು ಸವರೋ ಪದ್ಧತಿ ಹಳೇದು. 'ಸ್ಯಾಂದೂ', ಅಂದರೆ ಆ ಕೊಬ್ಬು, ಹಾಕ್ತೀರಾ ಅಂತ ಕೇಳಲೇಬೇಕು. ಚೀಸ್‌ನಲ್ಲಿ ಹಾಲು ಹೆಪ್ಪುಗಟ್ಟಿಸೋಕೆ ಹಾಕೋ, ಕರುವಿನ ಹೊಟ್ಟೆಯಿಂದ ತೆಗೆದ 'ಪ್ರೆಜ್ಯೂರ್' ಇರಬಹುದು. ಅದನ್ನೂ ಬಿಡೋರು ಬೆಣ್ಣೆ ಗಾಲೆತ್ ಮಾತ್ರ ತಿನ್ನಲಿ.

ಗಾಲೆತ್ ರೂಮಲ್ಲೇ ಮಾಡೋದು ಸುಲಭ. 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, ಮುಕ್ಕಾಲು ಲೀಟರ್ ನೀರು. ನೀರು ಸ್ವಲ್ಪಸ್ವಲ್ಪ ಹಾಕಿ ಗಂಟಿಲ್ಲದಂತೆ ಕಲಸಿ ಎರಡು ಗಂಟೆ ಬಿಡಬೇಕು. ಈ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಕಾವಲಿ ಚೆನ್ನಾಗಿ ಕಾಯದಿದ್ದರೆ ರಾಗಿ ದೋಸೆ ಹರಿದ ಹಾಗೆ ಹರಿಯುತ್ತೆ.

ಮೈಸೂರಿನಿಂದ:
ವೀಸಾ ತಡವಾಗಿ ಅಕ್ಟೋಬರ್‌ಗೆ ತಲುಪಿದರೆ?

ರೆನ್‌ನಿಂದ:
ಮೇರಿಯಲ್ಲಿ ಸಂಘಗಳ ಪಟ್ಟಿ ಇರುತ್ತೆ, ಒಬ್ಬೊಬ್ಬರಿಗೂ ಎರಡು ಸಾಲಿನ ಇಮೇಲ್ ಹಾಕಲಿ. ಅಕ್ಟೋಬರ್ ಕೊನೆಯ 'ತೂಸ್ಸಾಂ' ಶಾಲಾ ರಜೆಯಲ್ಲಿ ಎರಡು ವಾರ ಬಹಳಷ್ಟು ತರಗತಿ ನಡೆಯಲ್ಲ, ಉತ್ತರ ಬರಲಿಲ್ಲ ಅಂತ ಕೈಬಿಡಬೇಡಿ. ಅದಕ್ಕಿಂತ ಒಳ್ಳೇ ಬಾಗಿಲು 'ಬೆನೆವೋಲ್', ಸ್ವಯಂಸೇವೆ. ಟಿಕೆಟ್ ಮೇಜು, ಪಾತ್ರೆ ತೊಳೆಯೋದು, ಕುರ್ಚಿ ಎತ್ತಿಡೋದು, ಇದಕ್ಕೆಲ್ಲ ಯಾವಾಗಲೂ ಕೈ ಸಾಲದು. ಹೊಸ ಸದಸ್ಯರನ್ನು ಸೇರಿಸಿಕೊಳ್ಳೋದು ಮುಗಿದಿದ್ದರೂ ಯಾರೂ ಬೇಡ ಅನ್ನಲ್ಲ. ಒಂದು ರಾತ್ರಿ ಪಾತ್ರೆ ಒರೆಸುತ್ತಾ ಕಿವಿಗೆ ಬೀಳೋ ಫ್ರೆಂಚ್ ಲ್ಯಾಬಿನಲ್ಲಿ ಸಿಗಲ್ಲ. ಇದಕ್ಕೆ ಸಂಬಳ ಇಲ್ಲವಾದ್ದರಿಂದ ವಿದ್ಯಾರ್ಥಿಗಳ ವರ್ಷಕ್ಕೆ 964 ಗಂಟೆಯ ಕೆಲಸದ ಮಿತಿಗೂ ಲೆಕ್ಕಕ್ಕೆ ಬರಲ್ಲ.

ಬ್ರೆಸ್ಟ್‌ನಿಂದ:
ವಾಪಸ್ ಬರೋದು ಮಾತ್ರ ಹೋಗೋ ಮುಂಚೆಯೇ ಗೊತ್ತಾಗಿರಬೇಕು. ಕುಣಿತ ಮುಗಿಯೋ ಹೊತ್ತಿಗೆ ಪ್ರಾಂತ್ಯದ ಸಾರಿಗೆಯಾದ ಬ್ರೇಜ್‌ಗೋ ಬಸ್ ಇರಲ್ಲ, ಭಾನುವಾರ ಬೆಳಗ್ಗೆಯೂ ಕಷ್ಟ. 'ವೆಸ್ಟ್‌ಗೋ' ಅನ್ನೋ ಉಚಿತ ಕಾರ್‌ಪೂಲ್ ವೆಬ್‌ಸೈಟಿನಲ್ಲಿ ಎರಡೂ ಕಡೆಯ ಪ್ರಯಾಣ ಹುಡುಕಲಿ. ಆಯೋಜಕರಿಗೆ ಮೊದಲೇ ಬರೆದರೆ ಅವರೇ ಯಾರ ಕಾರಿಗಾದರೂ ಸೇರಿಸಬಹುದು. ಕರೆತರುವವರು ಸೀದರ್ (ಸೇಬಿನ ಮದ್ಯ) ಕುಡಿಯುತ್ತಿದ್ದಾರಾ ಅನ್ನೋದನ್ನೂ ನೋಡಿಕೊಳ್ಳಲಿ, ಕುಡಿದಿದ್ದರೆ ಬೇರೆ ಕಾರು ಹುಡುಕಲಿ.