ಮೂಲಭೂತ ಹಕ್ಕುಗಳು ಬರೀ ಅಮೆರಿಕದ ಕಾಪಿನಾ?

ಮಳೆಹಕ್ಕಿ:
ಕೆಎಎಸ್‌ಗೆ ಓದುತ್ತಿದ್ದೇನೆ. ಯಾವ ಗೈಡ್ ತೆಗೆದರೂ "ಮೂಲಭೂತ ಹಕ್ಕುಗಳು: ಅಮೆರಿಕದಿಂದ" ಅಂತ ಒಂದೇ ಸಾಲು. 1947ಕ್ಕೆ ಮೊದಲು ನಮ್ಮವರು ಯಾರೂ ಇದನ್ನು ಕೇಳಿರಲೇ ಇಲ್ವಾ?

ಹಳೇಫೈಲು:
ಕೇಳಿದ್ದರು, ಜಾಸ್ತಿನೇ ಕೇಳಿದ್ದರು. 1919ರ ರೌಲತ್ ಕಾಯ್ದೆ ವಿಚಾರಣೆ ಇಲ್ಲದೆ ಜನರನ್ನು ಒಳಗೆ ಹಾಕಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಆ ಬಿಸಿ ತಟ್ಟಿದ ಮೇಲೆ ಹಕ್ಕುಗಳನ್ನು ಬರವಣಿಗೆಯಲ್ಲೇ ಕೊಡಿ ಅನ್ನೋ ಬೇಡಿಕೆ ಜೋರಾಯಿತು. 1928ರ ನೆಹರು ವರದಿಯಲ್ಲಿ (ಮೋತಿಲಾಲ್ ನೆಹರು) ಹಕ್ಕುಗಳ ಪಟ್ಟಿಯೇ ಇದೆ. 1931ರಲ್ಲಿ ಕರಾಚಿ ಕಾಂಗ್ರೆಸ್ ಅದರ ಜೊತೆ ಕಾರ್ಮಿಕರ ಕೂಲಿ, ಉಚಿತ ಪ್ರಾಥಮಿಕ ಶಿಕ್ಷಣವನ್ನೂ ಸೇರಿಸಿತು. ಬ್ರಿಟಿಷರು ಒಪ್ಪಲಿಲ್ಲ, 1935ರ ಕಾಯ್ದೆಯಲ್ಲಿ ಅಂಥ ಪಟ್ಟಿ ಬರಲೇ ಇಲ್ಲ.

ಕೆರೆಏರಿ:
ಇದು ದೆಹಲಿಯ ಕಥೆ ಆಯಿತು. ಅಮೆರಿಕದ ಹಕ್ಕುಗಳು ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತವೆ, ಆದರೆ ನಮ್ಮಲ್ಲಿ ನೀರು ಮುಟ್ಟಬೇಡ ಅಂದವರು ಊರಿನವರೇ ಅಲ್ವಾ? ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆ ಎಲ್ಲರಿಗೂ ಸೇರಿದ್ದು ಅಂತ ಅಲ್ಲಿನ ಮುನಿಸಿಪಾಲಿಟಿಯೇ ಹೇಳಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಂಗಡಿಗರು ಅದರ ನೀರು ಕುಡಿದಾಗ ಮೇಲ್ಜಾತಿಯವರು ಹೊಡೆದರು, ಆಮೇಲೆ ಕೆರೆಯನ್ನು "ಶುದ್ಧ" ಮಾಡಿದರು. ಕೋರ್ಟಿನಲ್ಲಿ ಆ ಜಗಳ 1937ರ ತನಕ ಎಳೆಯಿತು. ಈಗ ಸಂವಿಧಾನದ 15(2)ನೇ ವಿಧಿ ಓದಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಇದು ಯಾವ ಅಮೆರಿಕದಿಂದ ಬಂತು ಹೇಳಿ!

ತೆಂಕಣಗಾಳಿ:
ಸರಿ, ಆದರೆ ಸುಮ್ನೆ ಹೊಗಳಬೇಡಿ. ಅಮೆರಿಕದ್ದನ್ನು ಬೇಕಂತಲೇ ಬಿಟ್ಟ ಜಾಗವೂ ಇದೆ. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ (ನಮ್ಮ ಮಂಗಳೂರಿನವರು) 1947ರಲ್ಲಿ ಅಲ್ಲಿಗೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್ ಫ್ರಾಂಕ್‌ಫರ್ಟರ್ ಅವರೇ "ಡ್ಯೂ ಪ್ರೊಸೆಸ್" (ಕಾನೂನು ನ್ಯಾಯವಾಗಿದೆಯಾ ಅಂತ ಕೋರ್ಟು ನೋಡಲು ಬಿಡುವ ಮಾತು) ಸೇರಿಸಬೇಡಿ ಅಂತ ಸಲಹೆ ಕೊಟ್ಟರು. ಕೊನೆಗೆ ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಗೆ ಜಪಾನಿನ ಮಾದರಿ ಬಂತು: "ಕಾನೂನು ಹೇಳಿದ ಕ್ರಮದ ಪ್ರಕಾರ" ಅಂತ ಅಷ್ಟೇ. ಫಲ ಏನು? 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನ ಪ್ರಶ್ನಿಸಿದ ಕೇಸಿನಲ್ಲಿ ಕಾನೂನು ಅಂತ ಒಂದಿದ್ದರೆ ಸಾಕು, ಅದು ನ್ಯಾಯವಾಗಿದೆಯಾ ಅಂತ ಕೇಳೋದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಅದು ಬದಲಾಗಲು 1978ರ ಮೇನಕಾ ಗಾಂಧಿ ಕೇಸೇ ಬೇಕಾಯಿತು.

ಮಳೆಹಕ್ಕಿ:
ಗೋಪಾಲನ್ ಅವರನ್ನು ವಿಚಾರಣೆ ಇಲ್ಲದೆ ಒಳಗಿಟ್ಟಿದ್ದರಾ? ರೌಲತ್ ವಿರೋಧಿಸಿದವರ ಸರ್ಕಾರವೇ?

ತೆಂಕಣಗಾಳಿ:
ಹೌದು. 22ನೇ ವಿಧಿ ಓದಿ, ವಿಚಾರಣೆ ಇಲ್ಲದೆ ಮುಂಜಾಗ್ರತೆಗೆ ಬಂಧಿಸಲು ದಾರಿ ಅಲ್ಲೇ ಬಿಟ್ಟಿದ್ದಾರೆ.