ಪೋರ್ನೋಗ್ರಫಿಯನ್ನು ತರಗತಿಯಲ್ಲಿ ಬೋಧಿಸುವ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಸಮಾಜಶಾಸ್ತ್ರ ಉಪನ್ಯಾಸಕಿ, ಮಡಿಕೇರಿ):
ಸ್ನಾತಕೋತ್ತರ ತರಗತಿಗೆ ಮಾಧ್ಯಮ ಮತ್ತು ಸಮಾಜ ವಿಷಯವನ್ನು ಬೋಧಿಸುತ್ತಿದ್ದೇನೆ. ಅದರಲ್ಲಿ ಪೋರ್ನೋಗ್ರಫಿಯ ಕುರಿತು ನಾಲ್ಕು ತರಗತಿಗಳನ್ನು ಮೀಸಲಿಡಬೇಕೆಂದಿದ್ದೇನೆ. ಏನನ್ನೂ ತೋರಿಸುವ ಉದ್ದೇಶವಿಲ್ಲ. 1980ರ ದಶಕದಲ್ಲಿ ಅಮೆರಿಕದ ಸ್ತ್ರೀವಾದಿಗಳು ಇದೇ ವಿಷಯಕ್ಕೆ ಎರಡು ಬಣವಾದದ್ದು, ನಮ್ಮ ಸರ್ಕಾರ 2015ರಲ್ಲಿ 857 ಜಾಲತಾಣಗಳನ್ನು ನಿರ್ಬಂಧಿಸಲು ಹೇಳಿ ಕೆಲವೇ ದಿನಗಳಲ್ಲಿ ಆ ಆದೇಶವನ್ನು ಸಡಿಲಿಸಿದ್ದು, ಇವುಗಳ ಚರ್ಚೆಯಷ್ಟೇ ಸಾಕು. ಆದರೆ ವಿದ್ಯಾರ್ಥಿಗಳಲ್ಲಿ ಕೆಲವರು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಂದ ಬರುವವರು. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಈ ಪದವನ್ನು ಹುಡುಕಿ ಓದಿಕೊಂಡು ಬನ್ನಿ ಎಂದು ಹೇಗೆ ಹೇಳಲಿ?

ಉತ್ತರ 1 (ವಕೀಲ, ವಿರಾಜಪೇಟೆ):
ಮೇಡಂ, ಕಾನೂನಿನಿಂದಲೇ ಆರಂಭಿಸಿ. ಸಮಾಜದ ದೃಷ್ಟಿ ಬದಲಾದದ್ದು ಅಲ್ಲಿ ಇಸವಿ ಸಮೇತ ಸಿಗುತ್ತದೆ. ಯಾವುದು ಅಶ್ಲೀಲ ಎಂದು ತೀರ್ಮಾನಿಸಲು, ದುರ್ಬಲ ಮನಸ್ಸಿನವರು ಓದಿ ಕೆಡುತ್ತಾರೆಯೇ ಎಂದು ಕೇಳುವ 1868ರ ಇಂಗ್ಲೆಂಡಿನ ಅಳತೆಗೋಲನ್ನು ಸುಪ್ರೀಂ ಕೋರ್ಟ್ 1964ರಲ್ಲಿ ಒಪ್ಪಿತ್ತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವಿ ಪತ್ನಿಯೊಡನೆ ಬೆತ್ತಲಾಗಿ ಕಾಣಿಸಿಕೊಂಡ ಚಿತ್ರದ ಮರುಮುದ್ರಣ ಪ್ರಕರಣದಲ್ಲಿ, 2014ರಲ್ಲಿ, ಆ ಅಳತೆಗೋಲನ್ನು ಕೈಬಿಟ್ಟು ಸಮಕಾಲೀನ ಸಮಾಜದ ಮಾನದಂಡವನ್ನು ಹಿಡಿಯಿತು. 2024ರ ಸೆಪ್ಟೆಂಬರಿನಲ್ಲಿ, ಮಕ್ಕಳ ವಿಷಯದಲ್ಲಿ ಪೋರ್ನೋಗ್ರಫಿ ಎಂಬ ಪದವನ್ನೇ ಬಳಸಬಾರದು, ಅದು ಶೋಷಣೆ ಎಂದಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಲಿಕೆಗಾಗಿ ವಿನಾಯಿತಿ ಇದೆಯಾದರೂ ಅದು ಸಾಬೀತಾಗಬೇಕು. ತೋರಿಸದಿರುವ ನಿಮ್ಮ ನಿರ್ಧಾರವೇ ಸರಿ.

ಉತ್ತರ 2 (ನಿವೃತ್ತ ಅಧ್ಯಾಪಕ, ಕುಶಾಲನಗರ):
ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಸಿ. ನಾನು ಹಾಗೆ ಮಾಡಿದಾಗ ಒಂದು ಚೀಟಿ ಕಾಫಿ ವ್ಯಾಪಾರಿಯ ರಸೀದಿಯಾಗಿತ್ತು, ಮುಂಬದಿಯಲ್ಲಿ ಚೆರ್ರಿಯ ಮೂಟೆಗಳ ತೂಕ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ಗುಂಪಿನಲ್ಲಿ ಬಂದ ವೀಡಿಯೊದಲ್ಲಿರುವ ಹುಡುಗಿಗೆ ಅದು ಹರಿದಾಡುತ್ತಿರುವುದು ಗೊತ್ತಿದೆಯೇ?’ ಅಶ್ಲೀಲತೆಯ ಬಗ್ಗೆ ನಾನು ಸಿದ್ಧಪಡಿಸಿಕೊಂಡಿದ್ದ ಮೂರು ಪುಟಗಳ ಟಿಪ್ಪಣಿಯಲ್ಲಿ ಸಮ್ಮತಿ ಎಂಬ ಮಾತೇ ಇರಲಿಲ್ಲ. ಆ ದಿನ ಟಿಪ್ಪಣಿಯನ್ನು ಮಡಚಿಟ್ಟು ಆ ಒಂದು ಪ್ರಶ್ನೆಯನ್ನೇ ಗಂಟೆಯುದ್ದಕ್ಕೂ ಚರ್ಚಿಸಿದೆವು.

ಉತ್ತರ 3 (ಪೋಷಕಿ, ಸೋಮವಾರಪೇಟೆ):
ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ, ನಿಜ. ಆದರೂ ಊರಿನ ಪರಿಚಿತರ ನಡುವೆ ಕುಳಿತು ಇದನ್ನು ಕೇಳಲು ಮುಜುಗರಪಡುವ ಹುಡುಗಿಗೆ ಹಾಜರಾತಿಯ ಭಯವನ್ನು ಒಡ್ಡಬೇಡಿ.

ಪ್ರಶ್ನೆ ಕೇಳಿದವರು:
ಒಪ್ಪಿದೆ. ಬೇಡವೆನ್ನುವವರಿಗೆ ಬೇರೆ ನಿಯೋಜಿತ ಕಾರ್ಯವನ್ನು ಕೊಡುತ್ತೇನೆ. ಓದಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿ, ತರಗತಿಯಲ್ಲೇ ಓದಿಸಿ, ಹಿಂದಕ್ಕೆ ಪಡೆಯುತ್ತೇನೆ. ಮೊದಲ ತರಗತಿಗೆ ತೀರ್ಪುಗಳನ್ನಲ್ಲ, ಖಾಲಿ ಚೀಟಿಗಳನ್ನು ಒಯ್ಯುತ್ತೇನೆ.